ಜ್ಯೂರಿ ಡ್ಯೂಟಿಗೆ ಕರೆ ಬಂದರೆ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಕೈಪಿಡಿ

ಅಮೆರಿಕದ ಪೌರತ್ವದ ಪ್ರಮಾಣವಚನ ಮುಗಿಸಿ, ಕೈಯಲ್ಲಿ ಪುಟ್ಟ ಬಾವುಟ ಹಿಡಿದು ಫೋಟೊ ತೆಗೆಸಿಕೊಂಡ ಒಂದೆರಡು ವರ್ಷಗಳಲ್ಲೇ, ದಿನಸಿ ಅಂಗಡಿಯ ಕೂಪನ್ನುಗಳ ನಡುವೆ ಸಿಕ್ಕಿಕೊಂಡು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಸುಪೀರಿಯರ್ ಕೋರ್ಟಿನ ಕಾಗದವೊಂದು ಮನೆಗೆ ಬರುತ್ತದೆ. ಅದರ ಮೇಲೆ 'ಸಮನ್ಸ್' ಎಂಬ ಪದ ಕಂಡರೆ ನಮ್ಮವರ ಎದೆ ಧಸಕ್ಕೆನ್ನುವುದು ಸಹಜ. ಊರಿನಲ್ಲಿ ಸಮನ್ಸ್ ಎಂದರೆ ಜಮೀನಿನ ತಕರಾರು, ಇಲ್ಲವೇ ಚೆಕ್ ಬೌನ್ಸು. ಕೋರ್ಟಿನ ಮೆಟ್ಟಿಲು ಹತ್ತದೆ ಬಾಳಿದವನೇ ಭಾಗ್ಯವಂತ ಎಂದು ಕೇಳಿಕೊಂಡು ಬೆಳೆದವರು ನಾವು. ಆದರೆ ಈ ಕಾಗದ ನಿಮ್ಮನ್ನು ಕರೆಯುತ್ತಿರುವುದು ಆರೋಪಿಯಾಗಿ ಅಲ್ಲ, ಸಾಕ್ಷಿಯಾಗಿಯೂ ಅಲ್ಲ, ತೀರ್ಪು ಹೇಳುವ ಜ್ಯೂರಿಯಲ್ಲಿ, ಅಂದರೆ ಸಾಮಾನ್ಯ ಪೌರರ ತಂಡದಲ್ಲಿ, ಒಬ್ಬರಾಗಿ.

ನಮ್ಮ ತಲೆಮಾರಿಗೆ ಈ ಪದ್ಧತಿ ಅಪರಿಚಿತವಾಗಿರುವುದಕ್ಕೆ ಕಾರಣವಿದೆ. ಬ್ರಿಟಿಷರ ಕಾಲದಿಂದ ಭಾರತದಲ್ಲೂ ಜ್ಯೂರಿ ಇತ್ತು. 1959ರಲ್ಲಿ ಮುಂಬಯಿಯಲ್ಲಿ ನಡೆದ ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ಅವರ ಕೊಲೆ ಮೊಕದ್ದಮೆಯಲ್ಲಿ ಒಂಬತ್ತು ಮಂದಿಯ ಜ್ಯೂರಿ 8–1ರ ಬಹುಮತದಿಂದ ಅವರನ್ನು ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು, ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಇಂದು ಅದರ ನೆರಳು ಉಳಿದಿರುವುದು ಪಾರ್ಸಿ ವಿವಾಹ ನ್ಯಾಯಾಲಯಗಳಲ್ಲಿ ಕೂರುವ ಡೆಲಿಗೇಟುಗಳಲ್ಲಿ ಮಾತ್ರ. ಹಾಗಾಗಿ ನಮ್ಮ ನೆನಪಿಗೆ ಮೊದಲು ಬರುವ ಹೋಲಿಕೆ ಅರಳಿಕಟ್ಟೆಯ ಪಂಚಾಯ್ತಿ. ಅದು ಪೂರ್ತಿ ತಪ್ಪು ಹೋಲಿಕೆ. ಪಂಚಾಯ್ತಿಯಲ್ಲಿ ಕೂತವರಿಗೆ ಎರಡೂ ಕಡೆಯವರ ಮೂರು ತಲೆಮಾರು ಗೊತ್ತಿರಬೇಕು, ಜ್ಯೂರಿಯಲ್ಲಿ ಕೂರುವವರಿಗೆ ಇಬ್ಬರೂ ಯಾರೆಂದೇ ಗೊತ್ತಿರಬಾರದು.

ಮೊದಲು ನೋಡಬೇಕಾದದ್ದು: ಕಾಗದ ನಿಮಗೆ ಅನ್ವಯಿಸುತ್ತದೆಯೇ?

ಕ್ಯಾಲಿಫೋರ್ನಿಯಾದ ಕೋರ್ಟುಗಳು ಹೆಸರುಗಳನ್ನು ಆರಿಸುವುದು ಮತದಾರರ ಪಟ್ಟಿಯಿಂದ, ಡ್ರೈವಿಂಗ್ ಲೈಸೆನ್ಸು ಕೊಡುವ ಡಿಎಂವಿಯ ಪಟ್ಟಿಯಿಂದ ಮತ್ತು 2022ರಿಂದೀಚೆಗೆ ರಾಜ್ಯದ ಆದಾಯ ತೆರಿಗೆ ಸಲ್ಲಿಸುವವರ ಪಟ್ಟಿಯಿಂದಲೂ. ಡಿಎಂವಿಯಲ್ಲಿ ಹೆಸರಿರುವವರೆಲ್ಲ ಪೌರರಲ್ಲ, ತೆರಿಗೆ ಕಟ್ಟುವವರೆಲ್ಲರೂ ಅಲ್ಲ. ಆದ್ದರಿಂದ ಎಚ್-1ಬಿ ವೀಸಾದಲ್ಲಿರುವವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಸಮನ್ಸ್ ಬರುವುದು ತೀರಾ ಸಾಮಾನ್ಯ. ಅವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಆದರೆ 'ನನಗಲ್ಲವಲ್ಲ' ಎಂದು ಕಾಗದವನ್ನು ಕಸದ ಬುಟ್ಟಿಗೆ ಹಾಕುವಂತೆಯೂ ಇಲ್ಲ. ಫಾರಮ್ಮಿನಲ್ಲಿಯೋ ಕೋರ್ಟಿನ ವೆಬ್‌ಸೈಟಿನಲ್ಲಿಯೋ 'ನಾನು ಅಮೆರಿಕದ ಪೌರನಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿ ಕಳುಹಿಸಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಅವಸರದಲ್ಲಿ ಪೌರನೆಂದು ಗುರುತು ಹಾಕಿಬಿಟ್ಟರೆ ಅದು ಬರಿಯ ಕೈತಪ್ಪಾಗಿ ಉಳಿಯುವುದಿಲ್ಲ. ಪೌರತ್ವವನ್ನು ಸುಳ್ಳಾಗಿ ಹೇಳಿಕೊಳ್ಳುವುದನ್ನು ವಲಸೆ ಕಾನೂನು ಅತ್ಯಂತ ಗಂಭೀರವಾಗಿ ಪರಿಗಣಿಸುತ್ತದೆ. ಆದ್ದರಿಂದ ಆ ಒಂದು ಚೌಕವನ್ನು ಎರಡು ಸಲ ಓದಿ.

ಪೌರರಾಗಿದ್ದು, 18 ವರ್ಷ ತುಂಬಿ, ಅದೇ ಕೌಂಟಿಯಲ್ಲಿ ವಾಸವಿದ್ದು, ಕಲಾಪ ಅರ್ಥವಾಗುವಷ್ಟು ಇಂಗ್ಲಿಷ್ ಬಂದರೆ ನೀವು ಸಾಮಾನ್ಯವಾಗಿ ಅರ್ಹರು. ಮಕ್ಕಳ ಜೊತೆಗಿರಲು ಬಂದು ಕ್ರಮೇಣ ಪೌರರಾದ ಹಿರಿಯರ ವಿಷಯ ಮಾತ್ರ ಬೇರೆ. 55 ವರ್ಷ ದಾಟಿ, ಗ್ರೀನ್ ಕಾರ್ಡಿನಲ್ಲಿ 15 ವರ್ಷ ಕಳೆದವರು ಇಂಗ್ಲಿಷ್ ಪರೀಕ್ಷೆಯಿಲ್ಲದೆ, ನಾಗರಿಕ ಜ್ಞಾನದ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರಿಸಿ ಪೌರರಾಗಬಹುದು. ಅಂಥ ಅಮ್ಮನಿಗೋ ಮಾವನವರಿಗೋ ಸಮನ್ಸ್ ಬಂದಾಗ 'ಇಂಗ್ಲಿಷ್ ಸಾಕಷ್ಟು ಬರುವುದಿಲ್ಲ' ಎಂದು ತಿಳಿಸುವುದು ನೆಪವಲ್ಲ, ನಿಜ. ದಿನವಿಡೀ ಇಂಗ್ಲಿಷಿನಲ್ಲಿ ಮೀಟಿಂಗು ನಡೆಸುವ ಮಗ ಅದೇ ಉತ್ತರ ಬರೆದರೆ ಅದು ನಿಜವಲ್ಲ.

ಉತ್ತರ ಕೊಡುವುದು, ಮುಂದೂಡಿಕೆ ಕೇಳುವುದು

ಇಡೀ ವ್ಯವಹಾರದಲ್ಲಿ ತಪ್ಪಿಸಲೇಬಾರದ ಹೆಜ್ಜೆ ಇದೇ. ಉತ್ತರ ಕೊಡದೆ ಸುಮ್ಮನಿದ್ದವರಿಗೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮೊದಲ ಸಲ 250 ಡಾಲರ್, ಎರಡನೆಯ ಸಲ 750, ಆಮೇಲೆ 1,500 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಅದಕ್ಕೆ ಬದಲಾಗಿ, ಕೊಟ್ಟಿರುವ ದಿನಾಂಕ ಹೊಂದದಿದ್ದರೆ ಮುಂದೂಡಿಕೆ ಕೇಳಬಹುದು. ಒಂದು ಬಾರಿ ದಿನಾಂಕ ಬದಲಾಯಿಸಿಕೊಳ್ಳುವುದು ಸುಲಭ. ಹೆಚ್ಚಿನ ಕೌಂಟಿಗಳಲ್ಲಿ ಆನ್‌ಲೈನಿನಲ್ಲೇ ಆಗಿಬಿಡುತ್ತದೆ, ಯಾರೂ ಕಾರಣವನ್ನು ಕೆದಕುವುದಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಟಿಕೆಟ್ ಮಾಡಿಸಿದ್ದರೆ, ಪ್ರಾಡಕ್ಟ್ ಬಿಡುಗಡೆ ಅದೇ ವಾರವಿದ್ದರೆ, ಊರಿನಿಂದ ಬಂದ ಅಪ್ಪ–ಅಮ್ಮನನ್ನು ಯೊಸೆಮಿಟಿಗೆ ಕರೆದೊಯ್ಯುವ ಯೋಜನೆಯಿದ್ದರೆ, ನಿಮಗೆ ಅನುಕೂಲವಾದ ವಾರವನ್ನು ನೀವೇ ಆರಿಸಿಕೊಳ್ಳಿ. ಸ್ನೇಹಿತರ ಕೂಟಗಳಲ್ಲಿ ಜ್ಯೂರಿಯಿಂದ 'ಪಾರಾಗುವ' ಉಪಾಯಗಳನ್ನು ಹೇಳಿಕೊಡುವವರು ಬಹಳ ಮಂದಿ. ಅವರ ಉಪಾಯಗಳೆಲ್ಲವನ್ನೂ ಸೇರಿಸಿದರೂ ಈ ಸರಳ ಮುಂದೂಡಿಕೆಯಷ್ಟು ಪ್ರಯೋಜನವಿಲ್ಲ ಎಂಬುದು ನನ್ನ ಅನುಭವ.

ವಿನಾಯಿತಿಯೇ ಬೇಕೆಂದರೆ ಕಾರಣ ಗಟ್ಟಿಯಾಗಿರಬೇಕು. ಕೋರ್ಟಿಗೆ ಹೋಗಲು ಒಂದೂವರೆ ಗಂಟೆಗಿಂತ ಹೆಚ್ಚು ಪ್ರಯಾಣ, ತೀವ್ರ ಹಣಕಾಸಿನ ತೊಂದರೆ, ಕಾಯಿಲೆ, ಬೇರೆ ಯಾರೂ ನೋಡಿಕೊಳ್ಳಲಾಗದ ಮಗು ಅಥವಾ ಹಿರಿಯರ ಆರೈಕೆ ಇವು ಒಪ್ಪುವಂಥ ಕಾರಣಗಳು. 70 ದಾಟಿದವರು ಅನಾರೋಗ್ಯದ ಕಾರಣ ಕೊಟ್ಟರೆ ವೈದ್ಯರ ಪತ್ರ ಕೇಳುವುದಿಲ್ಲ. ಎದೆಹಾಲೂಡುವ ತಾಯಂದಿರು ಒಂದು ವರ್ಷದವರೆಗೆ ಮುಂದೂಡಿಕೆ ಪಡೆಯಬಹುದು. 'ಆಫೀಸಿನಲ್ಲಿ ಕೆಲಸ ಜಾಸ್ತಿ' ಎಂಬುದು ಈ ಪಟ್ಟಿಯಲ್ಲಿಲ್ಲ.

ಆಫೀಸು, ಮನೆ, ಮಕ್ಕಳು

ಜ್ಯೂರಿ ಡ್ಯೂಟಿಯಲ್ಲಿ ಬೇಸರ ತರಿಸುವುದು ಕೆಲಸವಲ್ಲ, ಅನಿಶ್ಚಿತತೆ. ಒಂದೇ ಒಂದು ದಿನ ಹೋಗಿ ಕೂತು ಬರಬಹುದು, ಹೋಗುವ ಪ್ರಸಂಗವೇ ಬಾರದಿರಬಹುದು, ಎರಡು ವಾರದ ವಿಚಾರಣೆಗೆ ಆಯ್ಕೆಯಾಗಲೂಬಹುದು. ಕ್ಯಾಲಿಫೋರ್ನಿಯಾದಲ್ಲಿರುವುದು 'ಒಂದು ದಿನ ಅಥವಾ ಒಂದು ವಿಚಾರಣೆ' ಎಂಬ ಪದ್ಧತಿ. ಕರೆದ ದಿನ ಯಾವ ಮೊಕದ್ದಮೆಗೂ ನೇಮಕವಾಗದಿದ್ದರೆ ನಿಮ್ಮ ಕರ್ತವ್ಯ ಅಂದೇ ಮುಗಿದಂತೆ, ನೇಮಕವಾದರೆ ಆ ಒಂದು ವಿಚಾರಣೆ ಮುಗಿಯುವವರೆಗೆ.

ಸಮನ್ಸ್ ಬಂದ ಕೂಡಲೇ ಅದರ ಪ್ರತಿಯನ್ನು ಮ್ಯಾನೇಜರಿಗೆ ಕಳುಹಿಸಿ. ಮುಂಚಿತವಾಗಿ ತಿಳಿಸಿದ ಉದ್ಯೋಗಿಯನ್ನು ಜ್ಯೂರಿಗೆ ಹೋದದ್ದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ, ಬೇರೆ ರೀತಿಯಲ್ಲಿ ಶಿಕ್ಷಿಸುವಂತೆಯೂ ಇಲ್ಲ. ಸಂಬಳದ ಮಾತು ಬೇರೆ: ಜ್ಯೂರಿಯ ದಿನಗಳಿಗೆ ಸಂಬಳ ಕೊಡಲೇಬೇಕೆಂದು ಈ ರಾಜ್ಯದ ಕಾನೂನು ಖಾಸಗಿ ಸಂಸ್ಥೆಗಳಿಗೆ ಹೇಳುವುದಿಲ್ಲ. ಓವರ್‌ಟೈಮ್ ಇಲ್ಲದ ಮಾಸಿಕ ಸಂಬಳದವರಾದರೆ, ಆ ವಾರದಲ್ಲಿ ಸ್ವಲ್ಪವಾದರೂ ಕೆಲಸ ಮಾಡಿದ್ದಲ್ಲಿ, ಜ್ಯೂರಿಗೆ ಹೋದ ದಿನಗಳಿಗೆಂದು ಸಂಬಳ ಕತ್ತರಿಸಲು ಕೇಂದ್ರದ ನಿಯಮ ಬಿಡುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವ ಕಾಂಟ್ರ್ಯಾಕ್ಟರಿಗೆ, ಮನೆಯಲ್ಲೇ ಅಡುಗೆ ಮಾಡಿ ಕೇಟರಿಂಗ್ ನಡೆಸುವವರಿಗೆ ನಿಜವಾದ ನಷ್ಟವಾಗುತ್ತದೆ. ಕೋರ್ಟು ಕೊಡುವುದು ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್, ಜೊತೆಗೆ ಮೈಲಿ ಲೆಕ್ಕದಲ್ಲಿ ಒಂದಿಷ್ಟು. ಒಂದು ಮಸಾಲೆ ದೋಸೆ, ಒಂದು ಕಾಫಿಗೆ ಆ ಹಣ ಸರಿಹೋಗುತ್ತದೆ. ಕೇಂದ್ರದ ಫೆಡರಲ್ ಕೋರ್ಟಿನಿಂದ ಕರೆ ಬಂದಿದ್ದರೆ ದಿನಕ್ಕೆ 50 ಡಾಲರ್ ಸಿಗುತ್ತದೆ. ಅಲ್ಲಿನ ನಿಯಮಗಳೂ ಅವಧಿಯೂ ಬೇರೆ, ಆ ಕಾಗದವನ್ನು ಪ್ರತ್ಯೇಕವಾಗಿ ಓದಿಕೊಳ್ಳಿ.

ಮನೆಯ ಮಟ್ಟಿಗೆ, 'ಹೇಗೂ ಕರೆಯುವುದಿಲ್ಲ' ಎಂದುಕೊಳ್ಳುವ ಬದಲು 'ಕರೆದೇ ಕರೆಯುತ್ತಾರೆ' ಎಂದುಕೊಂಡು ವಾರವನ್ನು ಹೊಂದಿಸಿ. ಮಧ್ಯಾಹ್ನ ಎರಡೂವರೆಗೆ ಶಾಲೆಯಿಂದ ಮಕ್ಕಳನ್ನು ಕರೆತರುವವರು ಯಾರು ಎಂಬುದು ಮೊದಲ ಪ್ರಶ್ನೆ, ಏಕೆಂದರೆ ಕೋರ್ಟು ಬಿಡುವುದು ಸಂಜೆ ನಾಲ್ಕೂವರೆಯ ಆಸುಪಾಸಿನಲ್ಲಿ. ಶಾಲೆಯಲ್ಲಿ ಮಗುವನ್ನು ಕರೆದೊಯ್ಯಬಲ್ಲವರ ಪಟ್ಟಿಗೆ ನೆರೆಮನೆಯವರ ಹೆಸರನ್ನು ಆ ವಾರಕ್ಕೆ ಮುಂಚೆಯೇ ಸೇರಿಸಿ. ಕೋರ್ಟಿನ ಬಿಡುವಿನ ಹತ್ತು ನಿಮಿಷದಲ್ಲಿ ಶಾಲೆಯ ಕಚೇರಿಗೆ ಫೋನು ಹಚ್ಚಿ ಒಪ್ಪಿಸುವುದು ಆಗದ ಮಾತು.

ಹಿಂದಿನ ಸಂಜೆ ಮತ್ತು ಆ ದಿನ

ಸಮನ್ಸಿನಲ್ಲಿ ಒಂದು ಗುಂಪು ಸಂಖ್ಯೆ ಇರುತ್ತದೆ. ಹಿಂದಿನ ಸಂಜೆ ಕೋರ್ಟಿನ ವೆಬ್‌ಸೈಟ್ ತೆರೆದು, ಇಲ್ಲವೇ ಧ್ವನಿಮುದ್ರಿತ ಸಂದೇಶಕ್ಕೆ ಫೋನು ಮಾಡಿ, ನಿಮ್ಮ ಗುಂಪನ್ನು ಕರೆದಿದ್ದಾರೆಯೇ ಎಂದು ನೋಡಬೇಕು. ಹಲವು ಕೌಂಟಿಗಳಲ್ಲಿ ಇದು ವಾರವಿಡೀ ನಡೆಯುವ ಸಂಧ್ಯಾವಂದನೆ.

ಕರೆದಿದ್ದರೆ, ಸಮನ್ಸಿನಲ್ಲಿರುವ ಬಾರ್‌ಕೋಡಿನ ಭಾಗವನ್ನು ಮರೆಯದೆ ಒಯ್ಯಿರಿ. ಬಾಗಿಲಲ್ಲಿ ವಿಮಾನ ನಿಲ್ದಾಣದಂಥದೇ ತಪಾಸಣೆ. ನಾನು ಮೊದಲ ಬಾರಿ ಹೋದಾಗ ಚಿತ್ರಾನ್ನದ ಡಬ್ಬಿ ಸಲೀಸಾಗಿ ಒಳಗೆ ಹೋಯಿತು, ಮಾವಿನಕಾಯಿ ಕತ್ತರಿಸಲೆಂದು ಕೀಗೊಂಚಲಿಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ಚಾಕು ಹೋಗಲಿಲ್ಲ. ಅದನ್ನು ಕಾರಿನಲ್ಲಿಟ್ಟು ಬಂದು ಮತ್ತೆ ಸರತಿಯ ಕೊನೆಯಲ್ಲಿ ನಿಂತೆ. ಕಾಯುವ ಕೋಣೆಯಲ್ಲಿ ತಣ್ಣಗಿನ ಏಸಿ, ಸಾಲು ಕುರ್ಚಿ, ಅರ್ಧಂಬರ್ಧ ಜೋಡಿಸಿದ ಜಿಗ್‌ಸಾ ಚಿತ್ರ. ಸ್ವೆಟರು, ಚಾರ್ಜರು, ಓದಲು ಒಂದು ಪುಸ್ತಕ ಇದ್ದರೆ ದಿನ ಕಳೆಯುತ್ತದೆ.

ಪ್ರಶ್ನೋತ್ತರದ ಹಂತ

ಕ್ರಮಸಂಖ್ಯೆ ಕೂಗಿ ಒಂದು ದೊಡ್ಡ ತಂಡವನ್ನು ಕೋರ್ಟ್‌ರೂಮಿಗೆ ಕರೆದೊಯ್ದ ಮೇಲೆ ನಿಜವಾದ ಆಯ್ಕೆ ಶುರುವಾಗುತ್ತದೆ. ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಒಬ್ಬೊಬ್ಬರನ್ನಾಗಿ ಕೇಳುತ್ತಾರೆ: ಯಾವ ಊರು, ಏನು ಕೆಲಸ, ಮನೆಯಲ್ಲಿರುವ ಇತರರು ಏನು ಮಾಡುತ್ತಾರೆ, ಹಿಂದೆ ಜ್ಯೂರಿಯಲ್ಲಿ ಕೂತಿದ್ದೀರಾ, ಕುಟುಂಬದಲ್ಲಿ ಯಾರಾದರೂ ಪೊಲೀಸರಿದ್ದಾರೆಯೇ? ಹುಬ್ಬಳ್ಳಿಯಲ್ಲಿ ನಿವೃತ್ತರಾದ ಸಬ್ ಇನ್ಸ್‌ಪೆಕ್ಟರ್ ತಂದೆಯೂ ಈ ಲೆಕ್ಕಕ್ಕೆ ಬರುತ್ತಾರೆ. 'ಅದು ಭಾರತದ ಮಾತಲ್ಲವೇ' ಎಂದು ನುಂಗಿಕೊಳ್ಳಬೇಡಿ. ಕುಡಿದು ವಾಹನ ಓಡಿಸಿದ ಮೊಕದ್ದಮೆಯಾದರೆ 'ನೀವು ಮದ್ಯ ಮುಟ್ಟದಿರುವುದಕ್ಕೆ ಕಾರಣವೇನು, ಕುಡಿಯುವವರ ಬಗ್ಗೆ ನಿಮ್ಮ ಅಭಿಪ್ರಾಯವೇನು' ಎಂದು ಕೇಳಬಹುದು. ಪ್ರಮಾಣ ಮಾಡಿ ಕೊಡುವ ಉತ್ತರಗಳಿವು, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಎಲ್ಲರ ಮುಂದೆ ಹೇಳಲು ಮುಜುಗರವಾಗುವ ವಿಷಯವಿದ್ದರೆ ನ್ಯಾಯಾಧೀಶರೊಂದಿಗೆ ಪ್ರತ್ಯೇಕವಾಗಿ ಮಾತನಾಡಲು ಕೋರಬಹುದು.

ನಿಷ್ಪಕ್ಷಪಾತವಾಗಿರಲಾರರು ಎಂದು ಕಂಡವರನ್ನು ನ್ಯಾಯಾಧೀಶರು ಬಿಡುತ್ತಾರೆ. ಅಲ್ಲದೆ ವಕೀಲರಿಗೆ ಕಾರಣ ಹೇಳದೆ ಕೆಲವರನ್ನು ಕೈಬಿಡುವ ಹಕ್ಕಿದೆ. ಸಾಮಾನ್ಯವಾದ ಫೆಲನಿ (ಗಂಭೀರ ಅಪರಾಧದ) ಮೊಕದ್ದಮೆಯಲ್ಲಿ ಒಂದೊಂದು ಕಡೆಗೆ 10 ಮಂದಿ. ಈ ಹಕ್ಕಿಗೂ ಈಗ ಕಡಿವಾಣವಿದೆ. 2022ರಿಂದ ಕ್ರಿಮಿನಲ್ ಮೊಕದ್ದಮೆಗಳಿಗೆ ಅನ್ವಯವಾಗುತ್ತಿರುವ ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಇಂಗ್ಲಿಷ್ ಮಾತೃಭಾಷೆಯಲ್ಲ ಎಂಬ ಕಾರಣಕ್ಕೆ, ಇನ್ನೊಂದು ಭಾಷೆ ಬರುತ್ತದೆ ಎಂಬ ಕಾರಣಕ್ಕೆ ಒಬ್ಬರನ್ನು ಹೊರಗಿಡುವುದು ಮೇಲ್ನೋಟಕ್ಕೇ ಅಸಿಂಧು ಎನಿಸಿಕೊಳ್ಳುತ್ತದೆ. 'ನಮ್ಮ ಉಚ್ಚಾರಣೆ ಕೇಳಿದರೆ ಹೇಗೂ ಮನೆಗೆ ಕಳಿಸುತ್ತಾರೆ' ಎಂಬ ನಂಬಿಕೆಯಲ್ಲಿರುವವರು ಇದನ್ನು ಗಮನಿಸಬೇಕು.

ಆಯ್ಕೆಯಾದ ಮೇಲೆ

ಫೆಲನಿಯಾದರೆ 12 ಜನ, ಜೊತೆಗೆ ಯಾರಿಗಾದರೂ ಕಾಯಿಲೆಯಾದರೆ ಇರಲಿ ಎಂದು ಒಂದಿಬ್ಬರು ಬದಲಿ ಜ್ಯೂರರುಗಳು. ಬೆಳಿಗ್ಗೆ ಒಂಬತ್ತು–ಹತ್ತರ ಹೊತ್ತಿಗೆ ಆರಂಭ, ನಡುವೆ ಊಟಕ್ಕೆ ಧಾರಾಳವಾದ ಬಿಡುವು. ಕೂತು ಕೇಳುವುದು ಕಷ್ಟವಲ್ಲ. ಕಷ್ಟವಿರುವುದು ಮನೆಗೆ ಬಂದ ಮೇಲೆ, ಬಾಯಿ ಮುಚ್ಚಿಕೊಂಡಿರುವುದರಲ್ಲಿ. ಮೊಕದ್ದಮೆಯ ಬಗ್ಗೆ ಹೆಂಡತಿಯೊಡನೆಯೂ ಗಂಡನೊಡನೆಯೂ ಮಾತನಾಡುವಂತಿಲ್ಲ. ಗೂಗಲ್ಲಿನಲ್ಲಿ ಆರೋಪಿಯ ಹೆಸರು ಹುಡುಕುವಂತಿಲ್ಲ. ಘಟನೆ ನಡೆದ ರಸ್ತೆ ನಿಮ್ಮ ಯೋಗ ತರಗತಿಗೆ ಹೋಗುವ ದಾರಿಯ ಪಕ್ಕದಲ್ಲೇ ಇದ್ದರೂ ಹೋಗಿ ನೋಡಿ ಬರುವಂತಿಲ್ಲ. ಕನ್ನಡದಲ್ಲಿ ಬರೆದರೆ ಯಾರಿಗೆ ತಿಳಿಯುತ್ತದೆ ಎಂದು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದೂ ನಿಷಿದ್ಧವೇ. ರಾತ್ರಿ ಊಟಕ್ಕೆ ಕೂತಾಗ 'ಏನು ಕೇಸು?' ಎಂದು ಅತ್ತೆಯವರು ಕೇಳಿದರೆ, 'ಮುಗಿದ ಮೇಲೆ ಹೇಳ್ತೀನಿ ಅತ್ತೆ' ಎಂಬ ಒಂದೇ ಉತ್ತರವನ್ನು ಪ್ರತಿದಿನವೂ ಕೊಡಬೇಕಾಗುತ್ತದೆ. ಒಬ್ಬ ಜ್ಯೂರರ್ ಸ್ವಂತ ಸಂಶೋಧನೆ ನಡೆಸಿದ್ದು ಹೊರಬಿದ್ದರೆ ಇಡೀ ವಿಚಾರಣೆಯೇ ರದ್ದಾಗಿ ಮೊದಲಿನಿಂದ ನಡೆಯಬೇಕಾಗಬಹುದು.

ಸಾಕ್ಷ್ಯ, ವಾದ, ನ್ಯಾಯಾಧೀಶರ ಸೂಚನೆಗಳು ಮುಗಿದ ಮೇಲೆ ಜ್ಯೂರಿ ಕೋಣೆಯ ಬಾಗಿಲು ಮುಚ್ಚುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಮಂಜಸವಾದ ಸಂದೇಹಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಿದೆಯೇ ಎಂಬುದೇ ಪ್ರಶ್ನೆ, ಉತ್ತರ ಸರ್ವಾನುಮತದ್ದಾಗಿರಬೇಕು. ಸಿವಿಲ್ ಮೊಕದ್ದಮೆಯಲ್ಲಿ 12ರಲ್ಲಿ 9 ಮಂದಿ ಒಪ್ಪಿದರೆ ಸಾಕು. ಹಿರಿಯರ ಮಾತಿಗೆ ಎದುರಾಡದೆ ತಲೆಯಾಡಿಸುವ ನಮ್ಮ ಅಭ್ಯಾಸವನ್ನು ಕಷ್ಟಪಟ್ಟಾದರೂ ಬದಿಗಿಡಬೇಕಾದ ಜಾಗವದು. ಹನ್ನೊಂದು ಮಂದಿ ಒಂದು ಕಡೆಯಿದ್ದರೂ, ನಿಮ್ಮ ಸಂದೇಹ ನಿಜವಾದದ್ದಾದರೆ ಅದನ್ನು ಆಡಿ ಹೇಳಲೆಂದೇ ನಿಮ್ಮನ್ನು ಕೂರಿಸಿದ್ದಾರೆ.

ಮುಗಿದ ಮೇಲೆ

ಜ್ಯೂರಿಯ ಹಣ ಆದಾಯ ತೆರಿಗೆಗೆ ಒಳಪಡುತ್ತದೆ. ಅದನ್ನು ಕಂಪನಿಗೆ ಹಿಂತಿರುಗಿಸಬೇಕೆಂಬ ನಿಯಮ ನಿಮ್ಮಲ್ಲಿದ್ದರೆ ಆ ಮೊತ್ತವನ್ನು ಆದಾಯದಿಂದ ಕಳೆದುಕೊಳ್ಳಬಹುದು. 'ಜ್ಯೂರಿಗೆ ಬರಲಿಲ್ಲ, ವಾರಂಟ್ ಹೊರಟಿದೆ, ಗಿಫ್ಟ್ ಕಾರ್ಡಿನಲ್ಲಿ ಈಗಲೇ ದಂಡ ಕಟ್ಟಿ' ಎಂದು ಯಾರಾದರೂ ಫೋನು ಮಾಡಿದರೆ ಅದು ಮೋಸವೆಂದೇ ತಿಳಿಯಿರಿ, ಕೋರ್ಟು ಹಾಗೆ ಫೋನಿನಲ್ಲಿ ಹಣ ಕೇಳುವುದಿಲ್ಲ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೂ ಇದನ್ನು ಹೇಳಿಡಿ. ಹೊರಡುವಾಗ ಕೊಡುವ ಹಾಜರಾತಿ ಚೀಟಿಯ ಒಂದು ಪ್ರತಿಯನ್ನು ಆಫೀಸಿಗೆ ಕೊಟ್ಟು, ಮೂಲವನ್ನು ಪಾಸ್‌ಪೋರ್ಟುಗಳ ಜೊತೆ ಇಟ್ಟುಕೊಳ್ಳಿ. ಹನ್ನೆರಡು ತಿಂಗಳೊಳಗೆ ಇನ್ನೊಂದು ಸಮನ್ಸ್ ಬಂದರೆ, 'ಈಗಾಗಲೇ ಹೋಗಿ ಬಂದಿದ್ದೇನೆ' ಎಂದು ಉತ್ತರ ಬರೆಯಲು ಬೇಕಾದ ದಿನಾಂಕ ಆ ಚೀಟಿಯಲ್ಲೇ ಇರುತ್ತದೆ.