ಕಾರಿನ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನು ಮನೆಯಲ್ಲೇ ಬದಲಿಸುವ ಕ್ರಮ

ಇಂಜೆಕ್ಷನ್ ವ್ಯವಸ್ಥೆ ಇರುವ ಪೆಟ್ರೋಲ್ ಕಾರುಗಳಲ್ಲಿ ಇಂಧನ ಪಂಪು ಟ್ಯಾಂಕಿನೊಳಗೇ, ಪೆಟ್ರೋಲಿನಲ್ಲಿ ಮುಳುಗಿಕೊಂಡಿರುತ್ತದೆ. ಈ ಪುಟ್ಟ ವಿದ್ಯುತ್ ಮೋಟಾರು ತಳದ ಜಾಲರಿಯ ಮೂಲಕ ಪೆಟ್ರೋಲನ್ನು ಹೀರಿ, ಸಾಮಾನ್ಯವಾಗಿ ಮೂರರಿಂದ ನಾಲ್ಕು ಬಾರ್ ಒತ್ತಡದಲ್ಲಿ ಎಂಜಿನ್ನಿನ ಕಡೆಗೆ ತಳ್ಳುತ್ತದೆ. ಹಾಗೆ ಹರಿಯುವ ಪೆಟ್ರೋಲೇ ಮೋಟಾರನ್ನು ತಂಪಾಗಿಯೂ ಇಡುತ್ತದೆ. ಹುಂಡೈ ಐ10, ಐ20 ಮುಂತಾದ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಒಂದು ಮುಚ್ಚಳವಿದ್ದು, ಅದನ್ನು ತೆಗೆದರೆ ಪಂಪಿನ ತಲೆ ನೇರವಾಗಿ ಕೈಗೆ ಸಿಗುತ್ತದೆ. ಇಲ್ಲಿ ವಿವರಿಸಿರುವ ಕ್ರಮ ಅಂಥ ಕಾರುಗಳಿಗೆ ಮಾತ್ರ. ಸೀಟಿನ ಕೆಳಗೆ ಮುಚ್ಚಳವಿಲ್ಲದೆ, ಇಡೀ ಟ್ಯಾಂಕನ್ನೇ ಕೆಳಗಿಳಿಸಬೇಕಾದ ಕಾರಾಗಿದ್ದರೆ ಆ ಕೆಲಸಕ್ಕೆ ಲಿಫ್ಟ್ ಬೇಕು. ಜ್ಯಾಕಿನ ಮೇಲೆ ಕಾರು ನಿಲ್ಲಿಸಿ, ಪೆಟ್ರೋಲ್ ತುಂಬಿದ ಟ್ಯಾಂಕಿನ ಕೆಳಗೆ ಮಲಗುವ ಸಾಹಸವನ್ನು ಮನೆಯಲ್ಲಿ ಯಾರೂ ಮಾಡಬಾರದು.

ಪಂಪಿನ ಮೇಲೆ ಕೈಯಿಡುವ ಮೊದಲು ದೋಷ ನಿಜವಾಗಿಯೂ ಪಂಪಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸೆಲ್ಫ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದರೆ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ, ಹಿಂದಿನ ಸೀಟಿನ ಬಳಿ ಕಿವಿಗೊಟ್ಟು ಕೇಳಿರಿ. ಪಂಪು ಸರಿಯಿದ್ದರೆ ಎರಡು ಮೂರು ಸೆಕೆಂಡುಗಳ ಕಾಲ ಸಣ್ಣಗೆ ಗುಂಯ್‌ಗುಟ್ಟಿ ನಿಲ್ಲುತ್ತದೆ. ಆ ಸದ್ದು ಬಾರದಿದ್ದರೆ ಮೊದಲು ಫ್ಯೂಸು, ನಂತರ ರಿಲೇ, ಅಂದರೆ ಪಂಪಿಗೆ ವಿದ್ಯುತ್ ಹರಿಸುವ ಸ್ವಿಚ್ಚು, ನೋಡಬೇಕು. ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದನ್ನು ತಾತ್ಕಾಲಿಕವಾಗಿ ಬದಲಿಸಿ ಹಾಕಿ ನೋಡಬಹುದು. ಮೀಟರಿನಲ್ಲಿ ಕೀಲಿಯ ಚಿತ್ರವಿರುವ ದೀಪ ಮಿಣುಕುತ್ತಿದ್ದರೆ ಅದು ಇಮ್ಮೊಬಿಲೈಜರಿನ (ಕಳ್ಳತನ ತಡೆಯಲು ಸರಿಯಾದ ಕೀಲಿಯಿಲ್ಲದೆ ಗಾಡಿ ಸ್ಟಾರ್ಟ್ ಆಗದಂತೆ ಮಾಡುವ ವ್ಯವಸ್ಥೆಯ) ತೊಂದರೆಯಿರಬಹುದು. ಹೊಸ ಪಂಪು ಹಾಕಿದರೆ ಅದು ಹೋಗುವುದಿಲ್ಲ.

ಇವೆಲ್ಲ ಸರಿಯಿದ್ದರೆ ಮಲ್ಟಿಮೀಟರ್ ಹಿಡಿಯುವ ಹೊತ್ತು ಬಂದಿದೆ. ಸೀಟಿನ ಕೆಳಗಿನ ಮುಚ್ಚಳ ತೆಗೆದು, ಅಲ್ಲಿ ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ, ಪಂಪಿನ ಕನೆಕ್ಟರನ್ನು ಕಳಚದೆ, ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಅದರ ಹಿಂಬದಿಯಿಂದ ವೈರಿನ ಕಡೆಯ ವೋಲ್ಟೇಜ್ ಅಳೆಯಿರಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜೇ ಇಳಿಯುವುದರಿಂದ ಬ್ಯಾಟರಿಯ ತುದಿಗಳಲ್ಲೂ ಅದೇ ಸ್ಥಿತಿಯಲ್ಲಿ ಅಳೆದು ಎರಡನ್ನೂ ಹೋಲಿಸಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದು ಪಂಪು ತಿರುಗದಿದ್ದರೆ ದೋಷ ಪಂಪಿನದು. ಕನೆಕ್ಟರಿನಲ್ಲಿ ಗಣನೀಯವಾಗಿ ಕಡಿಮೆಯಿದ್ದರೆ ವೈರು, ಅರ್ಥ್ ಅಥವಾ ರಿಲೇ ಕೆಟ್ಟಿದೆ. ಮೀಟರಿನ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಪಂಪು ಕೊಳ್ಳುವುದು ಹಣ ಕಳೆದುಕೊಳ್ಳುವ ಸುಲಭ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪಂಪು ತಿರುಗುತ್ತಿದ್ದೂ ಏರಿನಲ್ಲಿ ಪಿಕಪ್ ಇಲ್ಲದಿರುವುದು, ಬಿಸಿಯಾದ ಮೇಲೆ ಗಾಡಿ ನಿಂತುಹೋಗುವುದು ಮುಂತಾದ ಲಕ್ಷಣಗಳಿದ್ದರೆ ಪ್ರೆಶರ್ ಗೇಜಿನಿಂದಲೇ ತಿಳಿಯಬೇಕು. ನಮ್ಮಲ್ಲಿನ ಅನೇಕ ಸಣ್ಣ ಕಾರುಗಳಲ್ಲಿ ಗೇಜ್ ಜೋಡಿಸಲು ಪ್ರತ್ಯೇಕ ಜಾಗವಿರುವುದಿಲ್ಲವಾದ್ದರಿಂದ ಆ ಒಂದು ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ಮಾಡಿಸುವುದು ಒಳ್ಳೆಯದು.

ಖರ್ಚಿಗೆ ಮುನ್ನ ಮಾಡಬೇಕಾದ ಇನ್ನೊಂದು ಕೆಲಸವಿದೆ. ಪಂಪಿನ ದೋಷಕ್ಕಾಗಿಯೇ ಕಂಪನಿಗಳು ಕಾರುಗಳನ್ನು ವಾಪಸು ಕರೆಸಿ ಉಚಿತವಾಗಿ ಬದಲಿಸಿಕೊಟ್ಟಿರುವುದುಂಟು. 2020ರಲ್ಲಿ ಮಾರುತಿ ಸುಜುಕಿಯು ವ್ಯಾಗನ್ ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು, 2024ರಲ್ಲಿ ಹೋಂಡಾ ತನ್ನ ಹಳೆಯ ಮಾದರಿಗಳ 92,672 ಕಾರುಗಳನ್ನು ಈ ಕಾರಣಕ್ಕಾಗಿ ಕರೆಸಿಕೊಂಡವು. ನಿಮ್ಮ ಕಾರಿನ ಚಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದರೆ ನಿಮಿಷದಲ್ಲಿ ತಿಳಿಯುತ್ತದೆ.

ಪಂಪು ಕೊಳ್ಳುವಾಗ ಎರಡು ಆಯ್ಕೆಗಳಿರುತ್ತವೆ: ಪ್ಲಾಸ್ಟಿಕ್ ಬಟ್ಟಲು, ಪೆಟ್ರೋಲಿನ ಮಟ್ಟ ತಿಳಿಸುವ ಫ್ಲೋಟು, ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರು ಎಲ್ಲವೂ ಸೇರಿದ ಪೂರ್ತಿ ಅಸೆಂಬ್ಲಿ, ಇಲ್ಲವೇ ಒಳಗಿನ ಮೋಟಾರು ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಬರೀ ಮೋಟಾರು ಬಹಳ ಅಗ್ಗಕ್ಕೆ ಸಿಗುತ್ತದೆ. ಆದರೆ ಮೊದಲ ಬಾರಿ ಈ ಕೆಲಸ ಮಾಡುವವರು ಅಸೆಂಬ್ಲಿಯನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹತ್ತು ವರ್ಷ ಪೆಟ್ರೋಲಿನಲ್ಲಿ ನೆನೆದ ಪ್ಲಾಸ್ಟಿಕ್ ಕೊಂಡಿಗಳು ಬಿಚ್ಚುವಾಗ ಮುರಿಯುತ್ತವೆ. ಮೋಟಾರು ಮಾತ್ರ ಹಾಕುವುದಾದರೆ ಜಾಲರಿಯನ್ನೂ ಜೊತೆಗೇ ಬದಲಿಸಬೇಕು, ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಒಳಗಿನ ರಬ್ಬರ್ ಪೈಪು ಪೆಟ್ರೋಲಿನಲ್ಲಿ ಮುಳುಗಿರಲೆಂದೇ ತಯಾರಾದ ಎಸ್‌ಎಇ ಜೆ30 ಆರ್10 ದರ್ಜೆಯದಾಗಿರಬೇಕು. ಬಾನೆಟ್ಟಿನೊಳಗೆ ಬಳಸುವ ಸಾಧಾರಣ ಪೆಟ್ರೋಲ್ ಪೈಪಿನ ಹೊರಮೈ ಮುಳುಗಿರುವುದಕ್ಕೆಂದು ತಯಾರಾದದ್ದಲ್ಲ. ಟ್ಯಾಂಕಿನೊಳಗೆ ಅದು ಉಬ್ಬಿ, ಮೆತ್ತಗಾಗಿ, ಕ್ಲಾಂಪಿನಿಂದ ಜಾರಿ, ಹೊಸ ಮೋಟಾರಿದ್ದರೂ ಒತ್ತಡ ಸಿಗದಂತೆ ಮಾಡುತ್ತದೆ. ಟ್ಯಾಂಕಿನ ಬಾಯಿಗೆ ಕೂರುವ ರಬ್ಬರ್ ರಿಂಗನ್ನು ಪಂಪಿನ ಜೊತೆಗೇ ಹೊಸದಾಗಿ ಕೊಳ್ಳಬೇಕು. ಬಂಕುಗಳಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿರುವುದರಿಂದ, ರಿಂಗಾಗಲಿ ಪೈಪಾಗಲಿ ಅದಕ್ಕೆ ಒಗ್ಗುವಂಥದ್ದೇ ಎಂದು ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ.

ಈಗ ಬೆಂಕಿಯ ವಿಷಯ. ಮುಚ್ಚಿದ ಟ್ಯಾಂಕಿನೊಳಗೆ ಪೆಟ್ರೋಲ್ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ, ಅದು ಹೊತ್ತಿಕೊಳ್ಳುವುದಕ್ಕೆ ಬೇಕಾದಷ್ಟು ಗಾಳಿಯೇ ಅಲ್ಲಿರುವುದಿಲ್ಲ. ಟ್ಯಾಂಕಿನ ಬಾಯಿ ತೆರೆದ ಕ್ಷಣದಿಂದ ಪರಿಸ್ಥಿತಿ ಬೇರೆಯಾಗುತ್ತದೆ: ಗಾಳಿಯಲ್ಲಿ ಆವಿಯ ಪ್ರಮಾಣ ಶೇಕಡಾ ಒಂದೂವರೆಯಿಂದ ಏಳೂವರೆಯ ಆಸುಪಾಸಿನಲ್ಲಿದ್ದರೆ ಒಂದು ಕಿಡಿ ಸಾಕು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲೇರಿ ಚದುರದೆ, ನೆಲ ಹಿಡಿದು ಹರಿದು, ತಗ್ಗಿನಲ್ಲಿ ಶೇಖರವಾಗುತ್ತದೆ. ಆದ್ದರಿಂದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅಥವಾ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಸರ್ವಥಾ ಕೂಡದು. ಗಾಳಿಯಾಡುವ ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ಕಾರಿನ ಎಲ್ಲ ಬಾಗಿಲುಗಳನ್ನೂ ತೆರೆದು ಮಾಡಬೇಕು. ದೇವರ ಮುಂದಿನ ದೀಪ, ಊದುಬತ್ತಿ, ಒಲೆ, ನೀರಿನ ಮೋಟಾರು, ಇನ್ವರ್ಟರು ಯಾವುದೂ ಹತ್ತಿರದಲ್ಲಿರಬಾರದು. ಮೊಬೈಲನ್ನು ಮನೆಯೊಳಗೇ ಬಿಟ್ಟು ಬನ್ನಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳಲ್ಲಿ ಸ್ಥಾಯಿ ವಿದ್ಯುತ್ ಹುಟ್ಟುವುದರಿಂದ ಹತ್ತಿಯ ಬಟ್ಟೆ ತೊಟ್ಟು, ಕೆಲಸ ಶುರುಮಾಡುವ ಮುನ್ನ ಕಾರಿನ ಬರಿಯ ಲೋಹದ ಭಾಗವನ್ನು ಕೈಯಿಂದ ಮುಟ್ಟಬೇಕು. ಕೈಗೆ ನೈಟ್ರೈಲ್ ಗವಸು, ಕಣ್ಣಿಗೆ ಕನ್ನಡಕ, ಕೈಗೆಟಕುವಷ್ಟು ದೂರದಲ್ಲಿ ಎಬಿಸಿ ಪುಡಿಯ ಅಗ್ನಿಶಾಮಕ ಇರಬೇಕು. ಅದನ್ನು ಬಳಸಲು ಬಲ್ಲ ಇನ್ನೊಬ್ಬರು ಪಕ್ಕದಲ್ಲಿರಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇದ್ದರೆ ಸಿಲಿಂಡರಿನ ವಾಲ್ವನ್ನು ಮೊದಲೇ ಮುಚ್ಚಿರಬೇಕು.

ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆಯಿದ್ದಾಗ ಕೆಲಸ ಸುಲಭ. ಹೆಚ್ಚಿದ್ದರೆ ಕೈಪಂಪಿನಿಂದ ಲೋಹದ ಕ್ಯಾನಿಗೆ ತೆಗೆಯಬೇಕೇ ಹೊರತು ಪೈಪಿಗೆ ಬಾಯಿಟ್ಟು ಎಳೆಯಬಾರದು. ಹಾಗೆ ಎಳೆದಾಗ ಶ್ವಾಸಕೋಶಕ್ಕೆ ಇಳಿಯುವ ಸ್ವಲ್ಪ ಪೆಟ್ರೋಲೂ ಪ್ರಾಣಕ್ಕೆ ಎರವಾದೀತು.

ಮುಂದಿನದು ಪೈಪಿನಲ್ಲಿ ಉಳಿದಿರುವ ಒತ್ತಡವನ್ನು ಇಳಿಸುವುದು. ಪಂಪು ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೆ ಅದರ ಕನೆಕ್ಟರನ್ನು ಕಳಚಿ, ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿಯೇ ಆಫ್ ಆಗುವವರೆಗೆ ಓಡಲು ಬಿಡಿ. ಪಂಪು ಪೂರ್ತಿ ಸತ್ತಿದ್ದರೆ ಕೆಲವು ಸೆಕೆಂಡು ಸೆಲ್ಫ್ ಹೊಡೆದರೆ ಸಾಕು. ಆಮೇಲೆ ಕೀಲಿ ತೆಗೆದು, ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ತುದಿಯನ್ನು ಬಿಚ್ಚಿ ಪಕ್ಕಕ್ಕಿಡಿ. ಪೆಟ್ರೋಲ್ ಹಾಕುವ ಕ್ಯಾಪನ್ನು ತೆರೆದು ಟ್ಯಾಂಕಿನೊಳಗಿನ ಒತ್ತಡವನ್ನೂ ಹೊರಬಿಡಿ.

ಇಲ್ಲಿಂದ ಮುಂದೆ ಆತುರ ಪಟ್ಟವರೇ ಹೊಸ ಪಂಪನ್ನೂ ಕೆಡಿಸಿಕೊಳ್ಳುವುದು. ಮುಚ್ಚಳದ ಕೆಳಗೆ, ಪಂಪಿನ ತಲೆಯ ಸುತ್ತ, ವರ್ಷಗಟ್ಟಲೆ ಕೂತ ಕೆಂಪು ಧೂಳು, ಮರಳು, ಕೆಲವೊಮ್ಮೆ ಮಳೆಗಾಲದ ಒಣಗಿದ ಕೆಸರಿನ ಹೆಕ್ಕಳಿಕೆ ಇರುತ್ತದೆ. ಟ್ಯಾಂಕಿನ ಬಾಯಿ ತೆರೆದೊಡನೆ ಇದೆಲ್ಲ ನೇರವಾಗಿ ಪೆಟ್ರೋಲಿಗೆ ಬೀಳುತ್ತದೆ. ಆದ್ದರಿಂದ ಪೈಪುಗಳನ್ನು ಮುಟ್ಟುವ ಮೊದಲೇ ಒಣ ಬಣ್ಣದ ಬ್ರಷ್ಷಿನಿಂದ ಧೂಳನ್ನು ಸಡಿಲಿಸಿ, ಒದ್ದೆ ಬಟ್ಟೆಯಿಂದ ಎತ್ತಿ, ಮತ್ತೆ ಹೊಸ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಕೊಳೆ ಅಂಟದಿರುವವರೆಗೂ ಇದನ್ನೇ ಮಾಡಬೇಕು. ರಿಂಗಿನ ಅಂಚಿನ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹೇಳಿಮಾಡಿಸಿದಂತಿದೆ. ಬ್ಯಾಟರಿ ಬಿಚ್ಚಿದ್ದರೂ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ಅದರ ಮೋಟಾರಿನಲ್ಲಿ ಕಿಡಿ ಏಳುತ್ತಿರುತ್ತದೆ.

ಪೈಪಿನ ಕ್ವಿಕ್ ಕನೆಕ್ಟರಿಗೆ ಬಟ್ಟೆ ಸುತ್ತಿ, ಮೊದಲು ಅದನ್ನು ಪಂಪಿನ ಕಡೆಗೇ ಸ್ವಲ್ಪ ಒತ್ತಿ, ಎರಡೂ ಬದಿಯ ಗುಂಡಿಗಳನ್ನು ಅದುಮಿಕೊಂಡು ನಂತರ ಹಿಂದಕ್ಕೆ ಎಳೆಯಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಆ ಪ್ಲಾಸ್ಟಿಕ್ ಸೀಳುತ್ತದೆ, ಆಗ ಇಡೀ ಪೈಪನ್ನೇ ಬದಲಿಸಬೇಕಾದೀತು. ಪಂಪಿನ ತಲೆ ಯಾವ ದಿಕ್ಕಿಗೆ ಕೂತಿದೆ ಎಂಬುದನ್ನು ಮಾರ್ಕರಿನಿಂದ ಟ್ಯಾಂಕಿನ ಮೇಲೆ ಗುರುತು ಮಾಡಿಕೊಳ್ಳಿ. ಕೆಲವು ಕಾರುಗಳಲ್ಲಿ ಪಂಪನ್ನು ಸಣ್ಣ ಬೋಲ್ಟುಗಳು ಹಿಡಿದಿರುತ್ತವೆ, ಕೆಲವುಗಳಲ್ಲಿ ದೊಡ್ಡದೊಂದು ಲಾಕ್ ರಿಂಗು. ರಿಂಗನ್ನು ಅದಕ್ಕೆಂದೇ ಸಿಗುವ ಪಾನಾದಿಂದ ಬಿಚ್ಚುವುದು ಉತ್ತಮ. ಅದಿಲ್ಲದಿದ್ದರೆ ಗಟ್ಟಿ ಮರದ ತುಂಡನ್ನು ರಿಂಗಿನ ಹಲ್ಲಿಗೆ ಆನಿಸಿ, ರಬ್ಬರ್ ಸುತ್ತಿಗೆಯಿಂದ ಎಡಕ್ಕೆ ಮೆಲ್ಲಗೆ ತಟ್ಟಬಹುದು. ಕಬ್ಬಿಣದ ಉಳಿ, ಕಬ್ಬಿಣದ ಸುತ್ತಿಗೆ ಇಲ್ಲಿ ಬೇಡವೇ ಬೇಡ.

ಪಂಪನ್ನು ನೇರವಾಗಿ ಒಂದಿಷ್ಟು ಮೇಲೆತ್ತಿ, ಬಟ್ಟಲಿನಲ್ಲಿರುವ ಪೆಟ್ರೋಲ್ ಟ್ಯಾಂಕಿಗೇ ಸೋರಿಹೋಗಲು ಬಿಟ್ಟು, ಆಮೇಲೆ ಓರೆ ಮಾಡಿ ಹೊರತೆಗೆಯಿರಿ. ಪಕ್ಕಕ್ಕೆ ಚಾಚಿಕೊಂಡಿರುವ ಫ್ಲೋಟಿನ ತೆಳು ಸರಳು ಟ್ಯಾಂಕಿನ ಅಂಚಿಗೆ ಸಿಕ್ಕಿ ಬಾಗಿದರೆ ಮೀಟರಿನ ಮುಳ್ಳು ಮುಂದೆ ಸುಳ್ಳು ಲೆಕ್ಕ ತೋರಿಸುತ್ತದೆ. ತೆರೆದ ಬಾಯನ್ನು ನಾರು ಬಿಡದ ಬಟ್ಟೆಯಿಂದ ತಕ್ಷಣ ಮುಚ್ಚಿ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಎತ್ತರ, ಪೈಪಿನ ತುದಿ, ಕನೆಕ್ಟರಿನ ಪಿನ್ನು, ಫ್ಲೋಟಿನ ದಿಕ್ಕು ಒಂದೇ ಇವೆಯೇ ಎಂದು ನೋಡಬೇಕು.

ಹಳೆಯ ಜಾಲರಿಯನ್ನು ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡುವುದನ್ನು ಮರೆಯಬೇಡಿ, ಏಕೆಂದರೆ ಪಂಪು ಏಕೆ ಸತ್ತಿತೆಂಬುದನ್ನು ಬಹುಪಾಲು ಅದೇ ಹೇಳುತ್ತದೆ. ಕಂದು ಪುಡಿಯಿದ್ದರೆ ಎಲ್ಲೋ ತುಕ್ಕು ಹಿಡಿದಿದೆ. ನುಣ್ಣನೆಯ ಮಣ್ಣಿದ್ದರೆ ಕಸ ಹೊರಗಿನಿಂದ ಬಂದಿದೆ. ಎಲ್‌ಇಡಿ ಟಾರ್ಚನ್ನು ಹೊರಗೇ ಹೊತ್ತಿಸಿಕೊಂಡು ಬಂದು ಟ್ಯಾಂಕಿನ ತಳವನ್ನೂ ನೋಡಿರಿ. ಅಲ್ಲಿ ಮಬ್ಬಾದ ಬೇರೆಯೇ ಪದರವೊಂದು ಕಂಡರೆ ಅದು ನೀರು. ಎಥನಾಲ್ ಇರುವ ಪೆಟ್ರೋಲಿಗೆ ಹೆಚ್ಚು ನೀರು ಸೇರಿದಾಗ ಎಥನಾಲು ನೀರನ್ನು ಕೂಡಿಕೊಂಡು ಬೇರ್ಪಟ್ಟು ತಳಕ್ಕಿಳಿಯುತ್ತದೆ, ಪಂಪು ಹೀರುವುದೂ ಆ ತಳದಿಂದಲೇ. ಕಸವಾಗಲಿ ನೀರಾಗಲಿ ಇದ್ದರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಶುಚಿಗೊಳಿಸದೆ ಹೊಸ ಪಂಪನ್ನು ಇಳಿಸಬಾರದು. ಹಾಗೆ ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಒಪ್ಪಿಸಿ. ಕಸ, ನೀರು ಎರಡೂ ಇಲ್ಲದಿದ್ದರೆ ಪಂಪು ಸತ್ತದ್ದಕ್ಕೆ ಕಾರಣ ಹೆಚ್ಚಾಗಿ ಸದಾ ರಿಸರ್ವಿನಲ್ಲೇ ಗಾಡಿ ಓಡಿಸುವ ಅಭ್ಯಾಸ, ಅಥವಾ ಸಿಎನ್‌ಜಿಯಲ್ಲಿ ಓಡಿಸುತ್ತ ಪೆಟ್ರೋಲ್ ಟ್ಯಾಂಕನ್ನು ಬರಿದಾಗಿ ಬಿಡುವುದು.

ಟ್ಯಾಂಕಿನ ಬಾಯಿಯ ಅಂಚನ್ನು ಒರೆಸಿ ಹೊಸ ರಿಂಗನ್ನು ಕೂರಿಸಿ. ಹಳೆಯ ರಿಂಗು ಪೆಟ್ರೋಲಿನಲ್ಲಿ ಉಬ್ಬಿ ದೊಡ್ಡದಾಗಿರುವುದರಿಂದ ಅದು ಮತ್ತೆ ತನ್ನ ಕಾಲುವೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಸೋರದಿರಲೆಂದು ಸಿಲಿಕೋನ್ ಪೇಸ್ಟ್ ಹಚ್ಚುವವರಿದ್ದಾರೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ತಡೆಯದೆ ಬಿರಿದು, ಚೂರುಚೂರಾಗಿ ಟ್ಯಾಂಕಿಗೆ ಬೀಳುವುದರಿಂದ ಅದು ಕೂಡದು. ಫ್ಲೋಟನ್ನು ಮೊದಲು ಒಳಗಿಳಿಸಿ, ಪಂಪನ್ನು ಗುರುತಿಗೆ ಸರಿಯಾಗಿ ನೇರಮಾಡಿ, ಮೇಲಿನಿಂದ ಅಂಗೈಯಿಂದ ಸಮನಾಗಿ ಒತ್ತಿ ಹಿಡಿದು ಬಿಗಿಗೊಳಿಸಿ. ಬೋಲ್ಟುಗಳಾದರೆ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಕ್ವಿಕ್ ಕನೆಕ್ಟರು ‘ಕ್ಲಿಕ್’ ಎಂದ ಮೇಲೂ ಒಮ್ಮೆ ಹಿಂದಕ್ಕೆಳೆದು ಗಟ್ಟಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಬೇಕು.

ಪೆಟ್ರೋಲ್ ಕ್ಯಾಪ್ ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ಒರೆಸಿದ ಬಟ್ಟೆಗಳನ್ನು ದೂರದ ಬಯಲಿನಲ್ಲಿ ಹರವಿ, ವಾಸನೆ ಪೂರ್ತಿ ಹೋದ ಮೇಲೆಯೇ ಪಂಪಿನ ಕನೆಕ್ಟರನ್ನೂ ಬ್ಯಾಟರಿಯನ್ನೂ ಜೋಡಿಸಿ. ಒಡನೆಯೇ ಸೆಲ್ಫ್ ಹೊಡೆಯದೆ, ಕೀಲಿಯನ್ನು ಮೂರು ನಾಲ್ಕು ಬಾರಿ ಆನ್ ಆಫ್ ಮಾಡಿ ಪೈಪಿನಲ್ಲಿ ಒತ್ತಡ ತುಂಬಿಸಿ. ಆ ಹೊತ್ತಿನಲ್ಲಿ ಇನ್ನೊಬ್ಬರು ಪೈಪಿನ ಜೋಡಣೆಯನ್ನೇ ದಿಟ್ಟಿಸುತ್ತಿರಬೇಕು. ಒಂದು ಹನಿ ಜಿನುಗಿದರೂ ಕೀಲಿ ತೆಗೆದು, ಬ್ಯಾಟರಿ ಕಳಚಿ, ಮತ್ತೆ ಜೋಡಿಸಬೇಕು. ಜಿನುಗದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸಿ, ಮತ್ತೊಮ್ಮೆ ನೋಡಿ.

ಅರೆಬರೆ ಟ್ಯಾಂಕಿನಲ್ಲಿ ಮಾಡಿದ ಈ ಪರೀಕ್ಷೆ ರಿಂಗಿನ ಬಿಗಿಯನ್ನು ಹೇಳುವುದಿಲ್ಲ, ಏಕೆಂದರೆ ಪೆಟ್ರೋಲ್ ಆ ಎತ್ತರಕ್ಕೆ ಬಂದಿರುವುದೇ ಇಲ್ಲ. ಸೀಟನ್ನು ತಾತ್ಕಾಲಿಕವಾಗಿ ಕೂರಿಸಿಕೊಂಡು, ಕಿಟಕಿ ತೆರೆದು ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ, ಮೀಟರಿನ ಮುಳ್ಳು ಕೊನೆಯವರೆಗೆ ಏರಿತೇ ಎಂದು ನೋಡಿಕೊಂಡು, ಮನೆಗೆ ಬಂದ ಮೇಲೆ ಸೀಟೆತ್ತಿ ರಿಂಗಿನ ಸುತ್ತ ಒಣ ಕಾಗದ ಆಡಿಸಿ. ಕಾಗದ ಒದ್ದೆಯಾಗದೆ, ವಾಸನೆಯೂ ಇಲ್ಲದಿದ್ದರೆ ಮುಚ್ಚಳದ ಅಂಚಿಗೆ ಹೊಸ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರಿನ ಪಟ್ಟಿ) ಅಂಟಿಸಿ, ಧೂಳೂ ನೀರೂ ನುಗ್ಗದಂತೆ ಸುತ್ತಲೂ ಒತ್ತಿ ಮುಚ್ಚಿ, ಸೀಟನ್ನು ಅದರ ಬೋಲ್ಟು ಅಥವಾ ಕೊಂಡಿಗಳಿಗೆ ಪೂರ್ತಿಯಾಗಿ ಸಿಕ್ಕಿಸಿ.