ಲ್ಯಾಟೆಕ್ಸ್ ಅಲರ್ಜಿಯನ್ನು ಗುರುತಿಸುವುದು ಹೇಗೆ, ಯಾರು ಎಚ್ಚರದಿಂದಿರಬೇಕು

ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ, ದಂತ ಚಿಕಿತ್ಸಾಲಯಗಳಲ್ಲಿ, ನರ್ಸಿಂಗ್ ಕಾಲೇಜುಗಳಲ್ಲಿ ಗ್ಲೌಸ್ ಧರಿಸಿ ದುಡಿಯುವವರು ಕೈಯ ನವೆಗೆ ಬೆವರೋ ಸೋಪೋ ಕಾರಣವೆಂದುಕೊಂಡು ಸುಮ್ಮನಾಗುವುದುಂಟು. ಬಹಳ ಸಲ ಆ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ಕೆಲವರಲ್ಲಿ ಅದೇ ನವೆ ಲ್ಯಾಟೆಕ್ಸ್ ಅಲರ್ಜಿಯ ಮೊದಲ ಸೂಚನೆಯಾಗಿದ್ದು, ಅದನ್ನು ಗುರುತಿಸದೆ ಬಿಟ್ಟರೆ ಮುಂದೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಪ್ರಾಣಾಪಾಯ ಎದುರಾಗಬಹುದು.

ಹೀವಿಯಾ ಬ್ರೆಸಿಲಿಯೆನ್ಸಿಸ್ ಎಂಬ ರಬ್ಬರ್ ಮರದ ತೊಗಟೆಯನ್ನು ಗೀರಿದಾಗ ಒಸರುವ ಹಾಲೇ ಲ್ಯಾಟೆಕ್ಸ್. ಅದರಲ್ಲಿರುವ ಕೆಲವು ಪ್ರೋಟೀನುಗಳೇ ಈ ಅಲರ್ಜಿಗೆ ಮೂಲ. ನಮ್ಮ ಹೊಲದ ಬದುಗಳಲ್ಲಿರುವ ಎಕ್ಕ, ಕಳ್ಳಿಗಳ ಹಾಲು ತಗುಲಿ ಚರ್ಮ ಉರಿಯುವುದು ಬೇರೆಯೇ ಸಂಗತಿ. ಅದು ಆ ಹಾಲಿನ ಕಟುತ್ವದಿಂದ ಯಾರಿಗಾದರೂ ಆಗುವಂಥದ್ದು.

ಮೊದಲು ಗಮನಿಸಬೇಕಾದದ್ದು ಲಕ್ಷಣ ಕಾಣಿಸಿಕೊಂಡ ಸಮಯವನ್ನು. ಕೈಯನ್ನು ಪದೇ ಪದೇ ತೊಳೆದು, ಒದ್ದೆ ಆರುವ ಮೊದಲೇ ಗ್ಲೌಸ್ ಹಾಕಿಕೊಳ್ಳುವುದರಿಂದ ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ ಅದು ಬರಿಯ ಕೆರಳಿಕೆ, ಅಲರ್ಜಿಯಲ್ಲ. ಗ್ಲೌಸ್ ಧರಿಸಿದ ಒಂದೆರಡು ದಿನಗಳ ಮೇಲೆ ಅದು ತಗುಲಿದ ಜಾಗದಲ್ಲಿ ಕೆಂಪಾಗಿ, ಗುಳ್ಳೆಯೆದ್ದು ಕಜ್ಜಿಯಂತಾದರೆ, ಸಾಮಾನ್ಯವಾಗಿ ರಬ್ಬರನ್ನು ಹದಮಾಡಲು ಬಳಸುವ ಥೈಯುರಾಮ್, ಕಾರ್ಬಮೇಟ್ ಮುಂತಾದ ರಾಸಾಯನಿಕಗಳು ಕಾರಣ. ಇವು ನೈಟ್ರೈಲ್ ಎಂಬ ಕೃತಕ ರಬ್ಬರಿನ ಅನೇಕ ಗ್ಲೌಸ್‌ಗಳಲ್ಲಿಯೂ ಇರುವುದರಿಂದ ಕೇವಲ ಗ್ಲೌಸ್ ಬದಲಾಯಿಸಿದ ಮಾತ್ರಕ್ಕೆ ಗುಣವಾಗದಿರಬಹುದು. ಮೂರನೆಯದಾದ ಲ್ಯಾಟೆಕ್ಸ್ ಪ್ರೋಟೀನಿನ ಅಲರ್ಜಿಯೇ ನಿಜವಾದ ಅಪಾಯ: ಕೆಲವೇ ನಿಮಿಷಗಳಲ್ಲಿ ಪಿತ್ತದ ಗಂಧೆಯಂಥ ದದ್ದು, ಕಣ್ಣಿನ ನವೆ, ಸೀನು, ಉಬ್ಬಸ, ತುಟಿ ಅಥವಾ ಮುಖದ ಊತ ಕಾಣಿಸಿಕೊಂಡು, ಕೆಲವರಲ್ಲಿ ರಕ್ತದೊತ್ತಡ ಕುಸಿಯುವ ಅನಾಫಿಲಾಕ್ಸಿಸ್ ಎಂಬ ಪ್ರಾಣಾಪಾಯದ ಸ್ಥಿತಿಗೆ ಮುಟ್ಟುತ್ತದೆ.

ಅಪಾಯ ಎಲ್ಲರಿಗೂ ಒಂದೇ ಸಮನಲ್ಲ. ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ಜನ್ಮದೋಷವಿರುವ ಮಕ್ಕಳು ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ಹುಟ್ಟಿದಾಗಿನಿಂದಲೇ ಹಲವು ಶಸ್ತ್ರಚಿಕಿತ್ಸೆಗಳಿಗೆ ಒಳಗಾಗುವ, ಮೂತ್ರಕ್ಕಾಗಿ ದಿನವೂ ಕ್ಯಾತಿಟರ್ ಎಂಬ ನಳಿಕೆ ಬಳಸುವ ಈ ಮಕ್ಕಳ ದೇಹದ ಒಳಪದರಗಳಿಗೆ ಲ್ಯಾಟೆಕ್ಸ್ ಮತ್ತೆ ಮತ್ತೆ ತಾಗುವುದೇ ಇದಕ್ಕೆ ಮುಖ್ಯ ಕಾರಣ. ಅಂಥ ಮಗುವಿರುವ ಮನೆಯವರು ಅಲರ್ಜಿ ಕಾಣಿಸಲೆಂದು ಕಾಯದೆ, ಮೊದಲ ದಿನದಿಂದಲೇ ಲ್ಯಾಟೆಕ್ಸ್ ಇಲ್ಲದ ಸಾಮಗ್ರಿ ಬಳಸುವಂತೆ ವೈದ್ಯರನ್ನು ಕೇಳಬೇಕು. ಬೇರೆ ಕಾರಣಗಳಿಗಾಗಿ ಅನೇಕ ಸಲ ಶಸ್ತ್ರಚಿಕಿತ್ಸೆಯಾದವರು, ವೈದ್ಯಕೀಯ ಸಿಬ್ಬಂದಿ, ರಬ್ಬರ್ ಸಾಮಗ್ರಿ ತಯಾರಿಸುವವರು, ಅಸ್ತಮಾ ಅಥವಾ ಎಕ್ಸಿಮಾದಂಥ ಅಲರ್ಜಿ ಪ್ರವೃತ್ತಿ ಉಳ್ಳವರು ನಂತರದ ಸಾಲಿನಲ್ಲಿ ಬರುತ್ತಾರೆ. ಗ್ಲೌಸ್ ಒಳಗಿನ ಪುಡಿಗೆ ಲ್ಯಾಟೆಕ್ಸ್ ಪ್ರೋಟೀನು ಅಂಟಿಕೊಂಡು ಗಾಳಿಯಲ್ಲಿ ತೇಲುವುದರಿಂದ, ಅದನ್ನು ಮುಟ್ಟದವರಿಗೂ ಉಬ್ಬಸ ಬರಬಹುದು. ಅಮೆರಿಕ 2017ರ ಜನವರಿಯಿಂದ ಪುಡಿಯಿರುವ ವೈದ್ಯಕೀಯ ಗ್ಲೌಸ್‌ಗಳನ್ನು ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿಯೂ ಗ್ಲೌಸ್ ಖರೀದಿಸುವವರು ಪುಡಿಯಿಲ್ಲದ್ದನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಣ್ಣುಗಳ ವಿಷಯವನ್ನು ಹಲವರು ನಂಬುವುದಿಲ್ಲ, ಆದರೆ ಇದು ನಿಜ. ಲ್ಯಾಟೆಕ್ಸ್‌ನ ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳು ಬಾಳೆ, ಬೆಣ್ಣೆಹಣ್ಣು, ಕಿವಿ, ಪರಂಗಿ ಮುಂತಾದವುಗಳಲ್ಲಿವೆ. ಈ ಅಲರ್ಜಿ ಇರುವವರಲ್ಲಿ ಶೇಕಡಾ 30ರಿಂದ 50ರಷ್ಟು ಜನರಿಗೆ ಇಂಥ ಯಾವುದಾದರೊಂದು ಸಸ್ಯಾಹಾರ ಒಗ್ಗದೆ ಹೋಗಬಹುದು. ನಂಜನಗೂಡಿನ ರಸಬಾಳೆಯೇ ಆಗಲಿ ಪಚ್ಚಬಾಳೆಯೇ ಆಗಲಿ, ತಿಂದೊಡನೆ ಬಾಯಿ, ಗಂಟಲು ನವೆಯಾಗುತ್ತಿದ್ದರೆ ವೈದ್ಯರಿಗೆ ಅದನ್ನೂ ತಿಳಿಸಿ. ಆದರೆ ಈವರೆಗೆ ಯಾವ ತೊಂದರೆಯೂ ಕೊಡದ ಹಣ್ಣನ್ನು ಭಯದಿಂದ ಬಿಡಬೇಕಾಗಿಲ್ಲ.

ಬಲೂನು ಊದಿ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಸಾಹಸ ಬೇಡ. ಯಾವ ವಸ್ತು ತಾಗಿದಾಗ, ಎಷ್ಟು ಹೊತ್ತಿನ ಮೇಲೆ, ಏನಾಯಿತೆಂದು ಬರೆದಿಟ್ಟುಕೊಂಡು, ಸಾಧ್ಯವಾದರೆ ದದ್ದಿನ ಫೋಟೋ ತೆಗೆದುಕೊಂಡು ಚರ್ಮ ಅಥವಾ ಅಲರ್ಜಿ ತಜ್ಞರನ್ನು ಕಾಣಿ. ತಕ್ಷಣದ ಅಲರ್ಜಿಗೆ ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ ಅಥವಾ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ, ತಡವಾಗಿ ಬರುವುದಕ್ಕೆ ಬೆನ್ನಿಗೆ ಪಟ್ಟಿ ಅಂಟಿಸುವ ಪ್ಯಾಚ್ ಪರೀಕ್ಷೆ ಇದೆ. ರಕ್ತ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನೀವು ಕೊಡುವ ವಿವರಕ್ಕೆ ಬೆಲೆ ಇದ್ದೇ ಇರುತ್ತದೆ.

ಅಲರ್ಜಿ ಖಚಿತವಾದ ಮೇಲೆ, ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಬಡಾವಣೆಯ ದಂತವೈದ್ಯರಾಗಲಿ, ಎಲ್ಲಿಗೆ ಹೋದರೂ ಚೀಟಿ ಮಾಡಿಸುವಾಗಲೇ ಅದನ್ನು ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಪ್ರತ್ಯೇಕವಾಗಿ ತಿಳಿಸಿ, ಗಾಳಿಯಲ್ಲಿ ಕಣಗಳು ಕಡಿಮೆಯಿರುವ ಬೆಳಗಿನ ಮೊದಲ ಸರದಿಯನ್ನೂ ಸಿಲಿಕೋನ್ ಕ್ಯಾತಿಟರನ್ನೂ ಕೇಳಿ. ಮನೆಯಲ್ಲಿ ಬಲೂನು, ರಬ್ಬರ್ ಬ್ಯಾಂಡು, ಪಾತ್ರೆ ತೊಳೆಯುವ ಗ್ಲೌಸ್, ಕಾಂಡೋಮ್, ಮಗುವಿನ ಬಾಟಲಿಯ ತೊಟ್ಟು ಯಾವುದರಿಂದ ಮಾಡಿದವೆಂದು ನೋಡಿ. ಕಾಂಡೋಮ್‌ಗಳಲ್ಲಿ ಪಾಲಿಯುರೆಥೇನ್‌ನವು ಸುರಕ್ಷಿತ. ಗೋಡೆಗೆ ಬಳಿಯುವ ಲ್ಯಾಟೆಕ್ಸ್ ಪೇಂಟಿನಲ್ಲಿ ರಬ್ಬರ್ ಮರದ ಹಾಲು ಇರುವುದಿಲ್ಲವಾದ್ದರಿಂದ ಅದರ ಭಯ ಬೇಡ.

ಉಸಿರಾಟಕ್ಕೆ ಕಷ್ಟವಾದರೆ, ತಲೆ ಸುತ್ತಿ ಬೀಳುವಂತಾದರೆ ಅಲರ್ಜಿ ಮಾತ್ರೆ ನುಂಗಿ ಕಾಯಬಾರದು. ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ನೇ ಇಲ್ಲಿ ಮೊದಲ ಮದ್ದು. 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ. ಉಬ್ಬಸವಿದ್ದರೆ ಒರಗಿ ಕೂರಲು ಬಿಡಿ, ಎದ್ದು ನಡೆಯಲು ಮಾತ್ರ ಬಿಡಬೇಡಿ. ಇಂಜೆಕ್ಷನ್ನಿನ ನಂತರ ಚೇತರಿಸಿಕೊಂಡರೂ ಲಕ್ಷಣಗಳು ಕೆಲವು ಗಂಟೆಗಳ ಮೇಲೆ ಮರುಕಳಿಸಬಹುದಾದ್ದರಿಂದ, ವೈದ್ಯರು ಹೇಳುವವರೆಗೂ ಆಸ್ಪತ್ರೆಯಲ್ಲಿಯೇ ನಿಗಾದಲ್ಲಿರಬೇಕು.