ಮಳೆಗಾಲಕ್ಕೆ ಮುಂಚೆ ದಿನಸಿ ಕಪಾಟು

ಮಳೆ ಹಿಡಿದರೆ ದಿನಸಿಗೆ ಹುಳ ಬೀಳೋದು ಗ್ಯಾರಂಟಿ, ಅಲ್ವಾ? ಅದಕ್ಕೆ ಸುಮ್ನೆ ಹೊಸ ಪ್ಲಾಸ್ಟಿಕ್ ಡಬ್ಬಿ ಸೆಟ್ ತರಬೇಡಿ. ಉಪ್ಪಿನಕಾಯಿ, ಜಾಮ್ ಖಾಲಿಯಾದ ಗಾಜಿನ ಬಾಟಲಿಗಳೇ ಸಾಕು. ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮುಚ್ಚಳದ ವಾಸನೆ ಹೋಗದಿದ್ದರೆ ಅದರಲ್ಲಿ ಸಾಸಿವೆ, ಮೆಂತ್ಯ ತುಂಬಿ. ಸಕ್ಕರೆ ಮಾತ್ರ ಬೇಡ.

ತೊಗರಿಬೇಳೆ ಜಾಸ್ತಿ ತಂದಿದ್ದರೆ ಕಿಲೋಗೆ 1 ಟೀ ಚಮಚ ಹರಳೆಣ್ಣೆ ಸಾಕು. ಅಂಗೈಗೆ ಸವರಿಕೊಂಡು ಬೇಳೆಯನ್ನು ಚೆನ್ನಾಗಿ ತಿಕ್ಕಿ. ಎಲ್ಲ ಕಡೆ ತೆಳುವಾಗಿ ಹತ್ತಿದರೆ ಹುಳಕ್ಕೆ ಮೊಟ್ಟೆ ಇಡುವುದು ಕಷ್ಟ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ. ಅಕ್ಕಿ ಡಬ್ಬಿಗೆ ಬೇವಿನ ಎಲೆ ಹಾಕಿ, ಆದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಹಳೇ ಪಂಚೆ ತುಂಡಲ್ಲಿ ಗಂಟು ಕಟ್ಟಿ. ಹಸಿ ಎಲೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ರವೆಯನ್ನು ಹುರಿದು, ಆರಿದ ಮೇಲೆ ತುಂಬಿ.

ಹೊಸ ಸಾಮಾನನ್ನು ಹಳೆಯದರ ಮೇಲೆ ಸುರಿಯಬೇಡಿ. ಹಳೆಯದನ್ನು ತೆಗೆದು, ಹೊಸದನ್ನು ಕೆಳಗೆ ಹಾಕಿ. ಬೇಳೆ ತೂಗಿ ಕೊಡುವ ಅಂಗಡಿ ಹತ್ತಿರದಲ್ಲಿದ್ದರೆ ಬಟ್ಟೆ ಚೀಲ ಒಯ್ಯಿರಿ. ಪ್ಯಾಕೆಟ್ ಕಸ ಕಡಿಮೆಯಾಗುತ್ತದೆ. ಬಾಟಲಿಗಳು ಒಂದೇ ಅಳತೆ ಇರಲ್ಲ, ಕಪಾಟು ಫೋಟೋದಲ್ಲಿ ಚೆಂದ ಕಾಣಲ್ಲ ನಿಜ. ಎತ್ತರದವನ್ನು ಹಿಂದಿನ ಸಾಲಿಗೆ ತಳ್ಳಿ, ಕೆಲಸ ನಡೆಯುತ್ತದೆ.